ಬೋರಲು ಕುಡಿಕೆಗಳ ಊರಿನಲ್ಲಿ ತೃಪ್ತಿ ಅಳೆದದ್ದು

ಮೊದಲಿಗೆ ಒಂದು ವಿಷಯವನ್ನು ನಿವೇದಿಸಿಕೊಳ್ಳುತ್ತೇನೆ. ಇದುವರೆಗೆ ನಾನು ಬರೆದಿರುವುದೆಲ್ಲ ಕಚೇರಿಯ ಪತ್ರಗಳು ಮತ್ತು ವರದಿಗಳು. ಓದುಗರಿಗೆಂದು ಬರೆಯುತ್ತಿರುವುದು ಇದೇ ಪ್ರಥಮ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ, ಕಂಡದ್ದನ್ನು ಕಂಡಷ್ಟೇ ಇಲ್ಲಿ ದಾಖಲಿಸುತ್ತೇನೆ. ಕಾರಣ ತಿಳಿಯದ ಕಡೆ ತಿಳಿಯಲಿಲ್ಲವೆಂದೇ ಬರೆಯುತ್ತೇನೆ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಚಿತ್ರದುರ್ಗದ ಕಚೇರಿಯೊಂದರಲ್ಲಿ ನಾನು ತಾತ್ಕಾಲಿಕ ಸಮೀಕ್ಷಕಿಯಾಗಿದ್ದೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಮತ್ತು ಹಿರಿಯೂರು ತಾಲ್ಲೂಕುಗಳ ಕೆಲವು ಆಯುರ್ವೇದ ಹಾಗೂ ಯುನಾನಿ ಚಿಕಿತ್ಸಾಲಯಗಳಲ್ಲಿ ಔಷಧಿ ಪಡೆದವರು ಎಷ್ಟರ ಮಟ್ಟಿಗೆ ತೃಪ್ತರಾಗಿದ್ದಾರೆಂಬುದನ್ನು ಅಳೆದು ವರದಿ ಸಲ್ಲಿಸುವ ಕೆಲಸವನ್ನು ನನಗೆ ವಹಿಸಲಾಯಿತು. ತೃಪ್ತಿ ಕಡಿಮೆ ಕಂಡುಬಂದ ಕಡೆ ಚಿಕಿತ್ಸಾಲಯವನ್ನು ಮುಚ್ಚಿ, ವೈದ್ಯರನ್ನೂ ಔಷಧಿ ದಾಸ್ತಾನನ್ನೂ ಬೇರೆಡೆಗೆ ಕಳುಹಿಸತಕ್ಕದ್ದೆಂದು ಮೊದಲೇ ತೀರ್ಮಾನವಾಗಿತ್ತು. ನನ್ನ ಕೈಬರಹದ ಒಂದು ಹಾಳೆಯ ಮೇಲೆ ಒಂದು ಊರಿನ ಔಷಧಿ ನಿಂತಿದೆಯೆಂಬ ಅರಿವಿನಿಂದ ನನಗೆ ಹಲವು ದಿನ ಅನ್ನ ಸೇರಲಿಲ್ಲ.

ತೃಪ್ತಿಯನ್ನು ಅಳೆಯುವುದು ಹೇಗೆ? ಕಚೇರಿಯಿಂದ ಬಂದ ಪ್ರಶ್ನೆಗಳು ಓದುಬರಹ ಬಲ್ಲವರಿಗೆ ಮಾತ್ರ ಒದಗುವಂತಿದ್ದವು. ಆದಕಾರಣ ಮೇಲಧಿಕಾರಿಗಳ ಅನುಮತಿ ಪಡೆದು ಬೇರೊಂದು ವಿಧಾನ ಮಾಡಿಕೊಂಡೆ. ಒಂದು ಸ್ಟೀಲಿನ ಬಟ್ಟಲು. ಅದರ ಬಾಯಿಗೆ ಬಟ್ಟೆ ಕಟ್ಟಿ, ನಡುವೆ ಬೆರಳು ಹೋಗುವಷ್ಟು ಕಿಂಡಿ. ರೋಗಿಯ ಕೈಗೆ ಐದು ಹುಣಸೆ ಬೀಜ. ಚಿಕಿತ್ಸೆ ಪೂರ್ತಿ ಹಿಡಿಸಿದ್ದರೆ ಐದನ್ನೂ ಬಟ್ಟಲಿಗೆ ಹಾಕುವುದು, ಅರೆಬರೆ ಹಿಡಿಸಿದ್ದರೆ ಅಷ್ಟಕ್ಕಷ್ಟು, ಏನೇನೂ ಹಿಡಿಸದಿದ್ದರೆ ಒಂದನ್ನೂ ಹಾಕದೆ ಬಟ್ಟಲು ಹಿಂದಿರುಗಿಸುವುದು. ಹಾಕುವಾಗ ನಾನು ಮುಖ ತಿರುಗಿಸಿಕೊಳ್ಳುವುದು.

ಮೊದಲ ಪ್ರಯೋಗ ದುರ್ಗದ ಒಂದು ಯುನಾನಿ ಚಿಕಿತ್ಸಾಲಯದಲ್ಲಿ ನಡೆಯಿತು. ಕೆಮ್ಮಿನ ವೃದ್ಧರೊಬ್ಬರು ಐದೂ ಬೀಜಗಳನ್ನು ಹಾಕಿ ಮತ್ತೆ ಕೈಚಾಚಿದರು. "ಇನ್ನೆರಡು ಕೊಡು ಬೇಟಿ. ನಮ್ಮ ಹಕೀಮ್ ಸಾಬರಿಗೆ ಐದು ಸಾಲಲ್ಲ." ಹಕೀಮರು ಪಕ್ಕದಲ್ಲಿಯೇ ಕುಳಿತು ಮುಗುಳ್ನಗುತ್ತಿದ್ದರು. ದೋಷ ಎಲ್ಲಿದೆಯೆಂದು ಆಗಲೇ ಗೊತ್ತಾಯಿತು. ವೈದ್ಯರ ಎದುರಿಗೆ ಎಲ್ಲರೂ ಐದೇ ಹಾಕುತ್ತಾರೆ. ಆ ಮೇಲೆ ಚಿಕಿತ್ಸಾಲಯದಿಂದ ಹೆಸರುಗಳನ್ನು ಮಾತ್ರ ಪಡೆದು, ವೈದ್ಯರನ್ನು ಬಿಟ್ಟು, ಮನೆಗಳಿಗೇ ಹೋಗುವ ಪದ್ಧತಿ ಇಟ್ಟುಕೊಂಡೆ. ಹೊಳಲ್ಕೆರೆ ಕಡೆಯ ಒಂದು ಊರಿನಲ್ಲಿ ಮುದುಕಿಯೊಬ್ಬಳು ಬೀಜವನ್ನು ಬಾಯಿಗೆ ಹಾಕಿಕೊಂಡು "ಹುರಿದಿದ್ರೆ ಚೆಂದಾಗಿರ್ತಿತ್ತು ಕಣವ್ವ" ಎಂದಳು. ಹೊಸದುರ್ಗದಲ್ಲಿ ಪರವಾಗಿಲ್ಲವೆನ್ನುವಂತಹ ಫಲಿತಾಂಶ ಬಂತು. ಹಿರಿಯೂರು ತಾಲ್ಲೂಕಿನ ಐಮಂಗಲ, ಆದಿವಾಲಗಳಲ್ಲಿಯೂ ಜನ ಬೀಜ ಹಾಕಿದರು, ಬೈದರು, ಹೊಗಳಿದರು, ಮಜ್ಜಿಗೆ ಕೊಟ್ಟರು. ಬಟ್ಟಲು ಎಲ್ಲಿಯೂ ಮೂಕವಾಗಿರಲಿಲ್ಲ.

ಕೊನೆಗೆ ಉಳಿದದ್ದು ಜವನಗೊಂಡನಹಳ್ಳಿಯಿಂದ ಒಳಕ್ಕಿರುವ ಒಂದು ಊರು. ಅದರ ಹೆಸರನ್ನು ಇಲ್ಲಿ ನಮೂದಿಸುವುದಿಲ್ಲ.

ನನ್ನ ಜೊತೆಗೆ ಕಚೇರಿಯ ಜವಾನರೊಬ್ಬರನ್ನು ಕಳುಹಿಸಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ, ಬಾಯಿ ಬಿಡುವಿಲ್ಲದ ಮನುಷ್ಯ. ಹೆದ್ದಾರಿಯಲ್ಲಿ ಬಸ್ಸಿಳಿದು, ಗಾಡಿ ರಸ್ತೆ ಸುತ್ತೆಂದು ಕುರಿ ಹೋಗುವ ಕಾಲುದಾರಿಯಲ್ಲಿ ನಡೆದೆವು. ನೆತ್ತಿಯ ಮೇಲೆ ಸೂರ್ಯ. ದಾರಿಯ ನಡುವೆ ಒಂದು ಹೊಂಗೆ ಮರವಿತ್ತು. ಅದರ ಬುಡದ ಸುತ್ತ, ನೆರಳು ಬೀಳುವಷ್ಟು ಅಗಲಕ್ಕೆ, ಮಣ್ಣಿನ ಸಣ್ಣ ಕುಡಿಕೆಗಳನ್ನು ಬೋರಲು ಹಾಕಿದ್ದರು. ಹಳೆಯವು ಮಣ್ಣಿನಲ್ಲಿ ಅರ್ಧ ಹೂತಿದ್ದವು, ಹೊಸವು ಕೆಂಪಗಿದ್ದವು. ಒಂದರ ಮೇಲೂ ಅರಿಶಿನ ಕುಂಕುಮವಿಲ್ಲ, ಹೂವಿಲ್ಲ. ಬಿಸಿಗಾಳಿ ಬೀಸಿದಾಗ ಬಾಯಿ ಒಡೆದ ಕುಡಿಕೆಗಳ ಒಳಗಿನಿಂದ ಒಂದು ತಗ್ಗಿದ ಸದ್ದು ಬರುತ್ತಿತ್ತು. ಬಹಳ ಜನ ಒಟ್ಟಿಗೆ ಕುಳಿತು ತುಟಿ ಬಿಚ್ಚದೆ ಗುನುಗಿದಂತೆ. ಗಾಳಿ ನಿಂತರೆ ಅದೂ ನಿಲ್ಲುತ್ತಿತ್ತು.

ಜವಾನರು ಮಾತು ನಿಲ್ಲಿಸಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದರು: "ಅಕ್ಕಾರೆ, ಅತ್ತಾಗಿಂದ ಬರ್ರಿ. ತುಳೀಬ್ಯಾಡ್ರಿ. ಯಾರೋ ಏನೋ ಮಾಡಿಟ್ಟವ್ರೆ."

ಚಿಕಿತ್ಸಾಲಯವು ಊರಿನ ಇನ್ನೊಂದು ಬದಿಗೆ, ಗಾಡಿ ರಸ್ತೆಯ ಪಕ್ಕದಲ್ಲಿತ್ತು. ಅಲ್ಲಿಯ ಪಂಡಿತರು ಮೈಸೂರು ಕಡೆಯವರು. ಬಂದು ವರ್ಷ ಕಳೆದಿತ್ತು. ಜವನಗೊಂಡನಹಳ್ಳಿಯಲ್ಲಿ ವಾಸವಿದ್ದು ದಿನವೂ ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದರು. ಆ ಭಾಗದಲ್ಲಿ ಕಾಮಾಲೆ ಹೆಚ್ಚು. ನೆಲನೆಲ್ಲಿಯನ್ನು ಬೇರುಸಹಿತ ಅರೆದು, ಮಜ್ಜಿಗೆಯಲ್ಲಿ ಕಲಸಿ, ಬೆಳಿಗ್ಗೆ ಹಸಿದ ಹೊಟ್ಟೆಗೆ ಕೊಡುತ್ತಿದ್ದರು. ಉಪ್ಪು, ಎಣ್ಣೆ, ಮಾಂಸ ವರ್ಜ್ಯ. ಪ್ರತಿ ರೋಗಿಗೂ ಬೇರೆ ಕುಡಿಕೆ.

"ಕುಡಿಕೆ ವಾಪಸು ತನ್ನಿ ಎಂದರೆ ಒಬ್ಬರೂ ತರುವುದಿಲ್ಲ" ಎಂದರು ಪಂಡಿತರು. "ಕುಂಬಾರರಿಗೆ ಹೇಳಿ ಹೇಳಿ ಸಾಕಾಯಿತು. ಅದು ಹೋಗಲಿ. ರೋಗಿಗಳೇ ವಾಪಸು ಬರುವುದಿಲ್ಲ. ಕೊನೆಯ ದಿನ ಔಷಧಿ ತೆಗೆದುಕೊಂಡು ಹೋದವರು ಆಮೇಲೆ ದಾರಿಯಲ್ಲಿ ನನ್ನನ್ನು ಕಂಡರೆ ಬೇಲಿಯ ಕಡೆಗೆ ಮುಖ ಮಾಡಿಕೊಂಡು ನಿಲ್ಲುತ್ತಾರೆ. ನಾನು ಅವರಿಗೆ ಏನು ಕೆಟ್ಟದ್ದು ಮಾಡಿದೆ?" ಅವರು ದನಿ ತಗ್ಗಿಸಿದರು. "ನೀವು ಮನೆಮನೆಗೆ ಹೋಗುತ್ತೀರಲ್ಲ. ನಿಜ ಕೇಳಿಕೊಂಡು ಬಂದು ನನಗೂ ತಿಳಿಸಿ. ನನ್ನ ಔಷಧಿ ಕೆಲಸ ಮಾಡುತ್ತಿದೆಯೇ?"

ವರ್ಷವಿಡೀ ಔಷಧಿ ಕೊಟ್ಟು ಅದರ ಫಲವನ್ನು ಒಮ್ಮೆಯೂ ಕಿವಿಯಾರೆ ಕೇಳದ ವೈದ್ಯರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮಾರನೆಯ ದಿನ ಮನೆಗಳ ಭೇಟಿ ಆರಂಭವಾಯಿತು. ಚಿಕಿತ್ಸೆ ಮುಗಿಸಿದವನೆಂದು ಹೆಸರಿದ್ದ ಮೊದಲನೆಯವನು ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಗಟ್ಟಿಮುಟ್ಟಾದ ಆಳು. ಕಣ್ಣು ಬೆಳ್ಳಗಿತ್ತು. ಹೊಲ, ಮಳೆ, ಕುರಿ ಯಾವುದನ್ನು ಕೇಳಿದರೂ ನಗುತ್ತ ಉತ್ತರಿಸಿದ. ಬಟ್ಟಲನ್ನು ಮುಂದಿಟ್ಟು ಚಿಕಿತ್ಸೆಯ ಮಾತು ತೆಗೆದೊಡನೆ ಅವನ ಮುಖದಿಂದ ನಗು ಅಳಿಸಿಹೋಯಿತು. ಕೊಡಲಿ ಕೆಳಗಿಟ್ಟು, ನನಗೆ ಬೆನ್ನು ತಿರುಗಿಸಿ, ಗೋಡೆಯನ್ನು ನೋಡುತ್ತ ನಿಂತ. ನಾನು ಕಾದೆ. ಅವನು ಅಲುಗಲಿಲ್ಲ. ಎರಡನೆಯ ಮನೆಯಲ್ಲಿ ಹೆಂಗಸು ರೊಟ್ಟಿ ತಟ್ಟುತ್ತಿದ್ದವಳು ಹಾಗೆಯೇ ಎದ್ದು ಬೆನ್ನು ತಿರುಗಿಸಿದಳು, ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾದರೂ ಈ ಕಡೆ ನೋಡಲಿಲ್ಲ. ಮೂರನೆಯ ಮನೆಯಲ್ಲಿಯೂ ಅದೇ. ಯಾರೂ ಸಿಟ್ಟಾಗಲಿಲ್ಲ, ಯಾರೂ ಹೋಗೆನ್ನಲಿಲ್ಲ. ಬೀಜಗಳು ನಾನು ಇಟ್ಟ ಜಾಗದಲ್ಲಿಯೇ ಉಳಿದವು. ಬೀದಿಗೆ ಬಂದು ಹಿಂದಿರುಗಿ ನೋಡಿದಾಗ ಒಬ್ಬಾಕೆ ಪೊರಕೆ ಹಿಡಿದು ನಮ್ಮ ಹೆಜ್ಜೆಯ ಗುರುತುಗಳನ್ನು ಗುಡಿಸುತ್ತಿದ್ದಳು.

"ಅಕ್ಕಾರೆ, ಇವರಿಗೆಲ್ಲ ಏನೋ ಬಡಿದೈತೆ" ಎಂದರು ಜವಾನರು. "ಹೋಗಾಣ ನಡೀರಿ. ಸೊನ್ನೆ ಬರಕಂಡು ಹೋಗಾಣ."

ಒಂದು ಮನೆಯಲ್ಲಿ ಮಾತ್ರ ಮಾತು ಸಿಕ್ಕಿತು. ಕುರಿ ಸಾಕುವವರ ಮನೆ. ಒಳಗೆ ಕಂಬಳಿಯ ಮೇಲೆ ಎಂಟೊಂಬತ್ತು ವರ್ಷದ ಹುಡುಗಿ ಮಲಗಿದ್ದಳು. ಕಣ್ಣು, ಉಗುರು, ಅಂಗೈ ಎಲ್ಲವೂ ಅರಿಶಿನ. ಚಿಕಿತ್ಸೆ ಅರ್ಧದಲ್ಲಿತ್ತು. ಅವಳ ಕಾಲ್ಗೆಜ್ಜೆಗಳನ್ನು ಬಿಚ್ಚಿ ಗೋಡೆಯ ಗೂಟಕ್ಕೆ ತಗುಲಿಹಾಕಿದ್ದರು.

"ಬರ್ರಿ, ಕುಂತ್ಕಳ್ರಿ" ಎಂದಳು ಹುಡುಗಿಯ ತಾಯಿ. "ನೋಡ್ರಿ, ಹೆಂಗಾಗೈತೆ ನನ್ ಕೂಸು. ಗೆಜ್ಜೆ ಸದ್ದೂ ತಲೆಗೆ ಆಗಂಗಿಲ್ಲ ಅಂತು, ಬಿಚ್ಚಿಟ್ಟೆ. ಎದ್ದು ನಿಂತ್ರೆ ಕಣ್ಣು ಕತ್ತಲೆ. ಹಿರಿಯೂರಿಗೆ ಹೊತ್ಕಂಡು ಹೋದ್ವಿ, ಅಲ್ಲಿ ಆಗಲಿಲ್ಲ. ಈ ಪಂಡಿತರ ಕೈಲಿ ಐತೆ ಈಗ."

"ಔಷಧಿ ಹಿಡಿಸುತ್ತಿದೆಯೇನಮ್ಮ?" ಎಂದು ಕೇಳಿ ಬಟ್ಟಲನ್ನು ಮುಂದಕ್ಕೆ ಸರಿಸಿದೆ.

ಅವಳು ಥಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಕೈ ತಣ್ಣಗಿತ್ತು. "ಅದನ್ನ ಕೇಳಬ್ಯಾಡ್ರಿ ನಮ್ಮವ್ವ. ಇನ್ನೂ ಕುಡಿಯೋದೈತೆ. ಏನೂ ಕೇಳಬ್ಯಾಡ್ರಿ."

ಹೊರಬಂದು, ದಣಿವಾರಿಸಿಕೊಳ್ಳಲೆಂದು ಊರ ಮುಂದಿನ ಚಹಾದಂಗಡಿಯಲ್ಲಿ ಕುಳಿತೆವು. ಅಂಗಡಿಯವನಿಗೆ ಹೊಟ್ಟೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ನಮ್ಮ ಖಾಲಿ ಬಟ್ಟಲನ್ನು ನೋಡಿ ಹೊಟ್ಟೆ ಕುಣಿಸಿ ನಕ್ಕ.

"ಒಂದೂ ಬೀಳಲಿಲ್ಲ ಅಲ್ರಾ? ಬೀಳಾದಿಲ್ಲ ಬಿಡ್ರಿ. ಈ ಊರಾಗೆ ಗುಣ ಆತು ಅಂತ ಬಾಯಿ ಬಿಟ್ಟು ಹೇಳಂಗಿಲ್ಲ. ಹೇಳಿದ್ರೆ ಹೋಗ್ತಿರೋ ರೋಗ ಕೇಳಿಸ್ಕಂಡು ವಾಪಸ್ ಬತ್ತೈತಂತೆ! ಗುಣ ಆದೋನು ಕುಡಿಕೆ ತಗಂಡು ಹೋಗಿ ಹೊಂಗೆ ಮರದ ಕೆಳಗೆ ಬೋರಲು ಹಾಕಿ, ಹಿಂದಕ್ಕೆ ತಿರುಗಿ ನೋಡ್ದಂಗೆ ಬರಬೇಕು. ಔಷಧಿ ಕೊಟ್ಟೋರ ಕಣ್ಣಿಗೆ ಅದು ಬೀಳಬಾರದು. ಯಾರು ಕೇಳಿದ್ರೂ ಬೆನ್ನು ತಿರುಗಿಸಬೇಕು. ಗುಣ ಆಗದೋನು ಬೇಕಾದಂಗೆ ಒದರಬೌದು, ಅವನಿಗೇನು ಭಯ?"

"ನಿಮಗೆ?" ಎಂದೆ.

"ನನಗೂ ಬಂದಿತ್ತು ಕಾಮಾಲೆ. ಹೋದ ತಿಂಗಳು ಅದೇ ಪಂಡಿತರ ಮದ್ದು. ಕೊಡ್ರಿ ಇಲ್ಲಿ ಬೀಜ." ಐದನ್ನೂ ಒಂದೊಂದಾಗಿ ಕಿಂಡಿಯಲ್ಲಿ ಹಾಕಿದ. ಪ್ರತಿಯೊಂದೂ ಬಟ್ಟಲಿನ ತಳಕ್ಕೆ ಬಡಿದು ಸದ್ದು ಮಾಡಿತು. ಆಮೇಲೆ ಬೀದಿಯ ಕಡೆಗೆ ತಿರುಗಿ ಕೂಗಿದ: "ಗುಣ ಆಗೈತೆ ಕಣ್ರಲೇ ನನಗೆ! ಪೂರ್ತಿ ಗುಣ ಆಗೈತೆ! ಬರಲಿ ನೋಡಾಣ ಅದು!"

ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಇಟ್ಟು ಎದ್ದರು. ಕ್ಷಣದಲ್ಲಿ ಅಂಗಡಿ ಖಾಲಿಯಾಯಿತು. ನಡುಹಗಲಿನ ಆ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅಂಗಡಿಯವನು ಇನ್ನೂ ನಗುತ್ತಲೇ ಇದ್ದ. ಆದರೆ ಒಮ್ಮೆ, ಯಾರೋ ಹೆಗಲು ಮುಟ್ಟಿದಂತೆ, ಹಿಂದಕ್ಕೆ ತಿರುಗಿ ನೋಡಿದ.

ಉಳಿದ ಹೆಸರುಗಳನ್ನು ಮುಗಿಸಲು ಮುಂದಿನ ವಾರ ಪುನಃ ಹೋದೆವು. ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಅವನು ಗೋಣಿತಟ್ಟಿನ ಮೇಲೆ ಕುಳಿತಿದ್ದ. ಕತ್ತಲಿನಿಂದ ಎರಡು ಹಳದಿ ಕಣ್ಣುಗಳು ನನ್ನನ್ನು ನೋಡಿದವು. ಬಟ್ಟಲು ನನ್ನ ಚೀಲದಲ್ಲಿತ್ತು, ಅದರೊಳಗಿನ ಬೀಜಗಳು ನಡಿಗೆಗೆ ಸದ್ದು ಮಾಡುತ್ತಿದ್ದವು. ನಾನು ಚೀಲವನ್ನು ಎದೆಗೆ ಅವಚಿಕೊಂಡೆ.

ಪಂಡಿತರನ್ನು ವಿಚಾರಿಸಲಾಗಿ ಅವರು ಸ್ಪಷ್ಟವಾಗಿ ತಿಳಿಸಿದರು: "ಪಥ್ಯ ಮುರಿದಿದ್ದಾನೆ. ಯಾವುದೋ ಮದುವೆಯಲ್ಲಿ ಮಾಂಸ, ಮೇಲೆ ಹೆಂಡ. ಯಕೃತ್ತು ಇನ್ನೂ ಸುಧಾರಿಸಿರಲಿಲ್ಲ. ಮರುಕಳಿಸುವುದು ಸಹಜ." ಅದನ್ನು ನಾನು ನಂಬಿದೆ, ಈಗಲೂ ನಂಬುತ್ತೇನೆ. ಆದರೆ ಊರು ಬೇರೆಯದನ್ನು ನಂಬಿತ್ತು. ನಾವು ಹೋಗುವ ಬೀದಿಗಳಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಹುಡುಗಿಯ ಮನೆಯ ಕಟ್ಟೆಯ ಮೇಲೆ ಅವಳ ತಾತ ಕೋಲನ್ನು ಅಡ್ಡ ಹಿಡಿದು ಕುಳಿತಿದ್ದರು.

"ಇತ್ತ ಬರಬ್ಯಾಡ್ರಿ ತಾಯಿ."

"ಏನನ್ನೂ ಕೇಳುವುದಿಲ್ಲ ತಾತ. ಹುಡುಗಿ ಹೇಗಿದ್ದಾಳೆಂದು ನೋಡಿ ಹೋಗುತ್ತೇನೆ."

"ಹೆಂಗವಳೆ ಅನ್ನೋದೂ ಕೇಳಿದಂಗೇ ಅಲ್ವೇನವ್ವ? ಅವನನ್ನ ನೀವು ಕೇಳಿದ್ರಿ. ಅವನು ಹೇಳ್ದ. ಅದು ಕೇಳಿಸ್ಕಂತು." ಮುಖ ಸಡಿಲಿಸಿ ಹೇಳಿದರು: "ನಾವು ಕುರೀನೇ ಎಣಿಸಾದಿಲ್ಲ. ಎಣಿಸಿದ್ರೆ ಕಮ್ಮಿ ಆಗ್ತವೆ. ನೀವು ಗುಣ ಆದೋರನ್ನ ಎಣಿಸಾಕೆ ಬಂದೀರಿ."

"ಎಣಿಸದಿದ್ದರೆ ಒಂದು ಕುರಿ ತಪ್ಪಿಸಿಕೊಂಡದ್ದು ಹೇಗೆ ಗೊತ್ತಾಗುತ್ತದೆ?"

"ತಪ್ಪಿಸ್ಕಂಡಿದ್ದು ಅರಚ್ತೈತೆ" ಎಂದರು ತಾತ. "ಮಂದೇಲಿ ಇರೋದು ಯಾಕೆ ಅರಚ್ತೈತೆ?"

ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ತೆರೆದ ಕಿಟಕಿಯಿಂದ ಗೋಡೆಯ ಗೂಟವೊಂದೇ ಕಾಣುತ್ತಿತ್ತು. ಗೆಜ್ಜೆಗಳು ಇನ್ನೂ ಅಲ್ಲಿಯೇ ನೇತಾಡುತ್ತಿದ್ದವು.

ದುರ್ಗಕ್ಕೆ ಹಿಂದಿರುಗಿ ಮೇಲಧಿಕಾರಿಗಳ ಮುಂದೆ ಫಲಿತಾಂಶವನ್ನು ಇಟ್ಟೆ. ಒಂದು ಊರಿನ ಮನೆಮನೆಯಲ್ಲಿಯೂ ಬಟ್ಟಲು ಖಾಲಿ, ಐದು ಬೀಜ ಹಾಕಿದವನು ಒಬ್ಬನೇ, ಆ ಒಬ್ಬನೂ ಮತ್ತೆ ರೋಗಿ. ಅವರು ಕೆಟ್ಟವರಲ್ಲ, ನಿಯಮದ ಮನುಷ್ಯ. "ಇದರಲ್ಲಿ ಯೋಚಿಸುವುದಕ್ಕೆ ಏನಿದೆ? ಮುಚ್ಚುವುದು. ದಾಸ್ತಾನು ಈ ವಾರವೇ ಹಿರಿಯೂರಿಗೆ ಹೋಗಲಿ" ಎಂದು ಪೆನ್ನು ತೆಗೆದರು.

ನನ್ನ ಕಣ್ಣ ಮುಂದೆ ಅರ್ಧ ಚಿಕಿತ್ಸೆಯಲ್ಲಿದ್ದ ಹುಡುಗಿ ಬಂದಳು. ಅಂದಿನವರೆಗೆ ಮೇಲಧಿಕಾರಿಗಳ ಮಾತಿಗೆ ಎದುರು ಹೇಳಿದವಳಲ್ಲ ನಾನು. ಆದರೂ ಹೇಳಿದೆ: "ಸರ್, ಅಲ್ಲಿ ಪ್ರಶ್ನೆಯನ್ನೇ ತಿರುಗಿಸಬೇಕು. ಗುಣವಾದವರನ್ನು ಕೇಳಬಾರದು. ಗುಣವಾಗದವರನ್ನು ಕರೆಯಬೇಕು. ಆ ಊರಿನಲ್ಲಿ ದೂರು ಹೇಳುವುದಕ್ಕೆ ಯಾರಿಗೂ ಭಯವಿಲ್ಲ. ಚಿಕಿತ್ಸೆ ಪಡೆದವರಲ್ಲಿ ದೂರು ಕೊಟ್ಟವರನ್ನು ಕಳೆದರೆ, ಉಳಿದವರು ತೃಪ್ತರು."

ಅವರು ಪೆನ್ನು ಕೆಳಗಿಟ್ಟರು. "ಮೌನವಾಗಿರುವವರೆಲ್ಲ ತೃಪ್ತರು ಎನ್ನುತ್ತೀರಿ. ಸತ್ತವರೂ ಮೌನವಾಗಿಯೇ ಇರುತ್ತಾರಲ್ಲವೇ?"

ಅದಕ್ಕೆ ಉತ್ತರವನ್ನು ನಾನು ಸಿದ್ಧಪಡಿಸಿಕೊಂಡಿದ್ದೆ. ಗ್ರಾಮ ಲೆಕ್ಕಿಗರಲ್ಲಿ ವಿಚಾರಿಸಿದ್ದೇನೆಂದೂ, ನಾನು ಅಲ್ಲಿಂದ ಹೊರಟ ದಿನದವರೆಗೆ ಚಿಕಿತ್ಸೆ ಪಡೆದವರಲ್ಲಿ ಯಾರೂ ತೀರಿಕೊಂಡಿಲ್ಲವೆಂದೂ ಅರಿಕೆ ಮಾಡಿದೆ. ಹಾಗೆ ಹೇಳುವಾಗ ಆ ಕಿಟಕಿಯೊಳಗಿನ ನಿಶ್ಶಬ್ದ ಮಾತ್ರ ಮನಸ್ಸಿನಿಂದ ಹೋಗಲಿಲ್ಲ.

"ಆಗಲಿ. ದೂರಿನ ದಿನವನ್ನು ಗೊತ್ತುಮಾಡಿ ಡಂಗುರ ಹಾಕಿಸಿ. ಅಲ್ಲಿಯವರೆಗೆ ದಾಸ್ತಾನು ಅಲ್ಲೇ ಇರಲಿ. ನಾನೇ ಬಂದು ನೋಡುತ್ತೇನೆ."

ದೂರಿನ ದಿನ ಶಾಲೆಯ ಜಗುಲಿಯ ಮೇಲೆ ಮೇಜು ಹಾಕಿದೆವು. ಪಂಡಿತರು ಚಿಕಿತ್ಸಾಲಯದಲ್ಲಿಯೇ ಇರತಕ್ಕದ್ದು, ಇತ್ತ ಬರಕೂಡದೆಂದು ಕೇಳಿಕೊಂಡಿದ್ದೆ. ಮುಂಚೆಯೇ ಅವರಿಗೆ ಎಲ್ಲವನ್ನೂ ತಿಳಿಸಬಹುದಾಗಿತ್ತು. ಆದರೆ ಔಷಧಿ ಕೊಟ್ಟವರ ಕಣ್ಣಿಗೆ ಬೀಳಬಾರದೆಂಬ ಅಂಗಡಿಯವನ ಮಾತು ನನ್ನನ್ನೂ ಕಟ್ಟಿಹಾಕಿತ್ತು. ಊರು ಊರೇ ಬಂದು ಬಯಲಿನಲ್ಲಿ ನಿಂತಿತು. ಜವಾನರು ಗಟ್ಟಿಯಾಗಿ ಸಾರಿದರು: "ಪಂಡಿತರ ಔಷಧಿ ಹಿಡಿಸದೋರು, ವಾಸಿ ಆಗದೋರು, ಮುಂದಕ್ಕೆ ಬಂದು ಹೇಳ್ರಿ! ಆದೋರನ್ನ ನಾವು ಕೇಳಾದಿಲ್ಲ!"

ಯಾರೂ ಕದಲಲಿಲ್ಲ. ಬಿಸಿಲು ಏರುತ್ತ ಹೋಯಿತು. ಅಷ್ಟು ಜನ ನಿಂತಿದ್ದರೂ ಒಂದು ಕೆಮ್ಮಿಲ್ಲ, ಒಂದು ಮಗುವಿನ ಅಳುವಿಲ್ಲ. ಗಾಳಿ ಕಾಲುದಾರಿಯ ಕಡೆಯಿಂದ ಬೀಸಿದಾಗ ಆ ತಗ್ಗಿದ ಗುನುಗು ಶಾಲೆಯವರೆಗೂ ಬಂತು. ಅಧಿಕಾರಿಗಳು ಅದೇನೆಂದು ಕೇಳಿದರು. ಗೊತ್ತಿದ್ದರೂ ನಾನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದೆ.

ಕಡೆಗೆ ಗುಂಪನ್ನು ಸೀಳಿಕೊಂಡು ಮುದುಕಿಯೊಬ್ಬಳು ಬಂದಳು. "ನನ್ನ ಮಂಡಿ ನೋವು ಹೋಗಿಲ್ಲ ಸ್ವಾಮಿ. ಎಣ್ಣೆ ಕೊಟ್ಟವ್ರೆ, ನಾತ. ಸೊಸೆ ಹತ್ರ ಬರಾದಿಲ್ಲ ಅಂತಾಳೆ. ಅದೊಂದು ಲಾಭ, ಬರ್ಕಳ್ರಿ." ಜನ ನಕ್ಕರು. ಆ ನಗುವಿನಿಂದ ಬಯಲಿಗೆ ಉಸಿರು ಬಂದಂತಾಯಿತು. ಇನ್ನೂ ಕೆಲವರು ಬಂದು ಧಾರಾಳವಾಗಿ ಬೈದರು. ಎಲ್ಲರ ಹಿಂದಿನಿಂದ ಚಹಾದಂಗಡಿಯವನು ಕಂಬಳಿ ಹೊದ್ದು, ಒಬ್ಬರ ಹೆಗಲು ಹಿಡಿದು ಬಂದ. ಹೊಟ್ಟೆ ಇಳಿದಿತ್ತು. ದನಿ ಇಳಿದಿರಲಿಲ್ಲ.

"ನನಗೆ ಗುಣ ಆಗಿಲ್ಲ! ಚೆನ್ನಾಗಿ ಬರ್ಕಳ್ರಿ ಅಕ್ಕಾರೆ. ಒಂದು ಚೂರೂ ಗುಣ ಆಗಿಲ್ಲ. ಅವತ್ತು ಹಾಕಿದ ಐದು ಬೀಜ ವಾಪಸ್ ಕೊಡ್ರಿ!"

ಬಟ್ಟಲಿನ ಬಟ್ಟೆ ಬಿಚ್ಚಿ ಬೀಜಗಳನ್ನು ಅವನ ಅಂಗೈಗೆ ಸುರಿದೆ. ಅವನು ಅವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಗುಂಪಿನಲ್ಲಿ ಯಾರೋ "ಈಗ ಸರಿಹೋತು ಬಿಡಲೇ" ಎಂದರು.

ಆ ಬಳಿಕ ಯಾರೂ ಬರಲಿಲ್ಲ. ಲೆಕ್ಕ ನನ್ನ ಪರವಾಗಿತ್ತು. ಅಧಿಕಾರಿಗಳು ತಲೆಯಾಡಿಸುತ್ತ ಕಾಗದ ಮಡಿಸುತ್ತಿದ್ದರು. ಅಷ್ಟರಲ್ಲಿ ಗುಂಪಿನ ಅಂಚಿನಲ್ಲಿ ಆ ಹುಡುಗಿಯ ತಾಯಿ ಕಾಣಿಸಿದಳು. ಒಬ್ಬಳೇ. ಜೊತೆಯಲ್ಲಿ ಮಗಳಿಲ್ಲ, ಸೆರಗು ತಲೆಯ ಮೇಲೆ. ನಾನು ಯಾರನ್ನು ನೋಡುತ್ತಿದ್ದೇನೆಂದು ಅಧಿಕಾರಿಗಳು ಗಮನಿಸಿ, ಇವಳೇ ಆ ತಾಯಿಯೆಂದು ಊಹಿಸಿದರು. ಆ ಹುಡುಗಿಯ ವಿಷಯವನ್ನು ನಾನೇ ಅವರಿಗೆ ಅರಿಕೆ ಮಾಡಿದ್ದೆ.

"ಏನಮ್ಮಾ, ನಿನ್ನ ಮಗಳು ಔಷಧಿ ತೆಗೆದುಕೊಳ್ಳುತ್ತಿದ್ದಳಲ್ಲ, ಈಗ ಹೇಗಿದ್ದಾಳೆ? ಗುಣವಾಯಿತೇ?"

ನೇರವಾದ ಪ್ರಶ್ನೆ, ಸರ್ಕಾರದ ಬಾಯಿಂದ. ಉತ್ತರ ಕೊಡದಿರುವುದು ಅವಳಂಥವಳಿಗೆ ಸುಲಭವಲ್ಲ. ಅವಳ ತುಟಿ ಅಲುಗಿತು. ಬಯಲಿನಲ್ಲಿದ್ದ ಅಷ್ಟೂ ಮುಖಗಳಿಂದ ಬಣ್ಣ ಇಳಿದದ್ದನ್ನು ಕಂಡೆ. ನನಗೆ ಬೇರೇನೂ ತೋಚಲಿಲ್ಲ. ಮೇಜಿನ ಮೇಲಿದ್ದ ನನ್ನ ಸ್ಟೀಲಿನ ಬಟ್ಟಲನ್ನು ತೆಗೆದು, ಎಲ್ಲರಿಗೂ ಕಾಣುವಂತೆ, ಬೋರಲು ಹಾಕಿದೆ.

ಆ ಸದ್ದಿಗೆ ಅವಳು ನನ್ನನ್ನು ನೋಡಿದಳು. ಆಮೇಲೆ ನಿಧಾನವಾಗಿ ನಮಗೆ ಬೆನ್ನು ತಿರುಗಿಸಿದಳು. ಅವಳ ಪಕ್ಕದವನು ತಿರುಗಿದ. ಅವನ ಹಿಂದಿನವರು ತಿರುಗಿದರು. ಗಾಳಿಗೆ ಜೋಳದ ಹೊಲ ವಾಲಿದಂತೆ, ಬಯಲಿನ ಆ ಕೊನೆಯವರೆಗೆ ಜನ ತಿರುಗಿದರು. ನಮ್ಮ ಮುಂದೆ ಉಳಿದದ್ದು ಬರೀ ಬೆನ್ನುಗಳು. ಒಂದು ಮಾತೂ ಇಲ್ಲದೆ ಅವರೆಲ್ಲ ನಡೆದು ಹೋದರು. ಒಬ್ಬರೂ ಹಿಂದಿರುಗಿ ನೋಡಲಿಲ್ಲ. ಮುದುಕಿ, ಅಂಗಡಿಯವನು, ದೂರು ಹೇಳಿದ ಇನ್ನು ಕೆಲವರು ಮಾತ್ರ ನಮ್ಮ ಕಡೆಗೆ ಮುಖ ಮಾಡಿಕೊಂಡು ಬಿಸಿಲಿನಲ್ಲಿ ಉಳಿದರು.

ಅಧಿಕಾರಿಗಳು ಎದ್ದು ನಿಂತಿದ್ದರು. ಅವಮಾನವೆಂದು ಕೆರಳುತ್ತಾರೆಂದುಕೊಂಡೆ. ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ಮೆಲ್ಲಗೆ ಕೇಳಿದರು: "ಇಷ್ಟು ಜನವೇ?"

"ಹೌದು ಸರ್."

"ಚಿಕಿತ್ಸಾಲಯ ಯಥಾಸ್ಥಿತಿ ಮುಂದುವರಿಯತಕ್ಕದ್ದು" ಎಂದು ಅಲ್ಲಿಯೇ ಬರೆದು ಸಹಿ ಹಾಕಿದರು. ಆಮೇಲೆ, ಬರೆಯದೆ, ಕೇಳಿದರು: "ಆ ಹುಡುಗಿ?"

ನನಗೆ ಗೊತ್ತಿರಲಿಲ್ಲ. ತಾಯಿ ತಿರುಗಿದ್ದು ಮಗಳು ಎದ್ದಳೆಂದೋ, ಹೇಳಬಾರದ ಇನ್ನೊಂದು ಸುದ್ದಿಯಿದೆಯೆಂದೋ, ಬೆನ್ನಿನಿಂದ ಓದುವುದು ಸಾಧ್ಯವಿರಲಿಲ್ಲ.

ಹೊರಡುವಾಗ ಪಂಡಿತರು ಚಿಕಿತ್ಸಾಲಯದ ಬಾಗಿಲಿಗೆ ಬಂದು, "ಏನಾದರೂ ತಿಳಿಯಿತೇ?" ಎಂದು ನನ್ನನ್ನು ಕೇಳಿದರು. ಚಿಕಿತ್ಸಾಲಯ ಮುಂದುವರಿಯುತ್ತದೆಂದು ಮಾತ್ರ ತಿಳಿಸಿದೆ. ಅವರು ಇನ್ನಷ್ಟನ್ನು ಕಾಯುತ್ತ ನಿಂತರು. ನಾನು ಬೇಲಿಯ ಕಡೆಗೆ ಮುಖ ತಿರುಗಿಸಿಕೊಂಡೆ. ಆಗ ಅವರ ಮುಖ ಹೇಗಾಯಿತೆಂದು ನಾನು ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಅವರು ಒಂದು ದೀರ್ಘ ಉಸಿರು ಬಿಟ್ಟದ್ದು ಕೇಳಿಸಿತು.

ಅಧಿಕಾರಿಗಳ ಜೀಪು ಹೆದ್ದಾರಿಯಲ್ಲಿ ನಿಂತಿತ್ತು. ಗಾಡಿ ರಸ್ತೆಯಲ್ಲಿ ಮರಳು ಕಟ್ಟಿದ್ದರಿಂದ ಕಾಲುದಾರಿಯಲ್ಲಿಯೇ ನಡೆದೆವು. ಹೊಂಗೆ ಮರದ ಬಳಿ ಅವರು ನಿಂತರು. ಬೆರಳು ಚಾಚಿ, "ಒಂದು, ಎರಡು..." ಎಂದು ಆರಂಭಿಸಿದರು.

"ಎಣಿಸಬ್ಯಾಡ್ರಿ ಸಾರ್" ಎಂದರು ಜವಾನರು.

ಅವರು ಕೈ ಕೆಳಗಿಳಿಸಿದರು. ಮುಂದಕ್ಕೆ ನಡೆದೆವು. ಮರ ಹಿಂದೆ ಉಳಿಯಿತು. ಗಾಳಿ ನಿಂತಿತ್ತು, ಗುನುಗು ಇರಲಿಲ್ಲ. ಆ ನಿಶ್ಶಬ್ದದಲ್ಲಿ ನಮ್ಮ ಹಿಂದೆ, ಮರದ ಹತ್ತಿರ, ಯಾರೋ ನಡೆದು ಬಂದು ನಿಂತದ್ದು ಕೇಳಿಸಿತು. ಮಣ್ಣಿನ ಪಾತ್ರೆಯೊಂದನ್ನು ನೆಲಕ್ಕೆ ಒತ್ತಿದ ಸದ್ದು. ಅನಂತರ ಹೆಜ್ಜೆಗಳು ಊರಿನ ಕಡೆಗೆ ಹಿಂದಿರುಗಿದವು. ಒಂದು ದೊಡ್ಡ ಹೆಜ್ಜೆ, ಅದರ ಪಕ್ಕದಲ್ಲಿ ನಿಂತು ನಿಂತು ಸಾಗುವ ಒಂದು ಸಣ್ಣ ಹೆಜ್ಜೆ, ಮತ್ತು ಆ ಸಣ್ಣ ಹೆಜ್ಜೆಗೆ ಸರಿಯಾಗಿ ಗೆಜ್ಜೆಯ ದನಿ.

ಜವಾನರು ನನ್ನ ಮುಖ ನೋಡಿದರು. ಅಧಿಕಾರಿಗಳು ನೆಲ ನೋಡಿದರು. ಗೆಜ್ಜೆಯ ದನಿ ಪೂರ್ತಿ ಕೇಳಿಸದಾಗುವವರೆಗೆ ನಾವು ಮೂವರೂ ನಿಂತಲ್ಲಿಯೇ ನಿಂತಿದ್ದೆವು. ನಾನು ಹಿಂದಿರುಗಿ ನೋಡಲಿಲ್ಲ.